ಗುಂಪಿನಲ್ಲಿ ಒಂಟಿಯಾಗಿ ಬಂದ ಹಾವಿನ ಎಮೋಜಿಯನ್ನು ಏನೆಂದು ಓದಿಕೊಳ್ಳಬೇಕು?

ಜಕ್ಕೂರು_ಕೆರೆಬದಿ:
ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಟ್ಟಿದ ಒಂದು ಗೊಂದಲವನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ. ನಾಗರ ಚೌತಿಯ ರಾತ್ರಿ, ನಿರ್ವಹಣಾ ಶುಲ್ಕದ ಲೆಕ್ಕಪತ್ರದ ಬಗ್ಗೆ ಮಾತು ಬಿಸಿಯೇರಿದ್ದ ಹೊತ್ತಿನಲ್ಲಿ, ನಿವಾಸಿಯೊಬ್ಬರು ಒಂದಕ್ಷರವನ್ನೂ ಬರೆಯದೆ 🐍 ಎಂಬ ಒಂದೇ ಚಿತ್ರವನ್ನು ಹಾಕಿದರು. ಖಜಾಂಚಿಯವರು ಅದು ತಮ್ಮನ್ನು ಕುರಿತ ನಿಂದನೆಯೆಂದು ಭಾವಿಸಿ ಗುಂಪಿನಿಂದ ಹೊರನಡೆದರು. ಹಿರಿಯರೊಬ್ಬರು ಮರುದಿನದ ಪಂಚಮಿಯ ಶುಭಾಶಯವೆಂದು ತಿಳಿದು ಕೈಮುಗಿದ ಚಿತ್ರವನ್ನು ಉತ್ತರವಾಗಿ ಕಳುಹಿಸಿದರು. ಹುಡುಗನೊಬ್ಬ ನಗುವ ಮುಖ ಒತ್ತಿದ. ಅಸಲಿಗೆ ಆ ನಿವಾಸಿ ಬೇಸ್‌ಮೆಂಟಿನಲ್ಲಿ, ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿದು, ಕಾರಿನ ಚಕ್ರದ ಪಕ್ಕ ಮಲಗಿದ್ದ ನಿಜವಾದ ಹಾವನ್ನು ನೋಡುತ್ತ ನಿಂತಿದ್ದರು. ಪುಣ್ಯಕ್ಕೆ ಯಾರಿಗೂ ಅಪಾಯವಾಗಲಿಲ್ಲ.

ಈಗ ಸಂಘದ ಸಭೆಯಲ್ಲಿ ಈ ಎಮೋಜಿಯನ್ನೇ ನಿಷೇಧಿಸಬೇಕೆಂಬ ಮಾತು ಎದ್ದಿದೆ. ಅದಕ್ಕೆ ಮೊದಲು, ಈ ಚಿತ್ರಕ್ಕೆ ಜನ ಏನೇನು ಅರ್ಥ ಕೊಡುತ್ತಾರೆ, ಯಾವ ಸಂದರ್ಭದಲ್ಲಿ ಯಾವ ಅರ್ಥ ಮುಂದೆ ಬರುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಮಲ್ಲೇಶ್ವರದ_ಓದುಗ:
ಸರ್, ಚಿತ್ರದ ಮೂಲದಿಂದಲೇ ಹೊರಡುವುದು ಒಳ್ಳೆಯದು. ಜಪಾನಿನ ಮೊಬೈಲ್ ಕಂಪನಿಗಳು ತಮ್ಮ ಫೋನುಗಳಲ್ಲಿ ಬಳಸುತ್ತಿದ್ದ ಪುಟ್ಟ ಚಿತ್ರಗಳನ್ನು ಯೂನಿಕೋಡ್ ಒಕ್ಕೂಟ 2010ರಲ್ಲಿ, ತನ್ನ 6.0 ಆವೃತ್ತಿಯಲ್ಲಿ, ಜಗತ್ತಿನ ಎಲ್ಲ ಸಾಧನಗಳಿಗೂ ಒಪ್ಪುವಂತೆ ಅಳವಡಿಸಿತು. ಹಾವಿನ ಚಿತ್ರ ಸೇರಿದ್ದು ಆಗಲೇ. ಒಕ್ಕೂಟವು ಪ್ರತಿ ಚಿತ್ರಕ್ಕೂ ಒಂದು ಸಂಕೇತ ಸಂಖ್ಯೆಯನ್ನೂ ಒಂದು ಹೆಸರನ್ನೂ ಕೊಡುತ್ತದೆಯೇ ಹೊರತು, ಅದನ್ನು ಯಾವ ಭಾವಕ್ಕೆ ಬಳಸಬೇಕೆಂದು ವಿಧಿಸುವುದಿಲ್ಲ. ಆದ್ದರಿಂದ ಅಧಿಕೃತವಾಗಿ ನೋಡಿದರೆ ಇದು ಹಾವು, ಅಷ್ಟೇ. ಮಿಕ್ಕ ಅರ್ಥಗಳೆಲ್ಲ ಬಳಸುವವರು ಕಟ್ಟಿಕೊಂಡವು.

ಇನ್ನೊಂದು ಸೂಕ್ಷ್ಮವಿದೆ. ಬಹುತೇಕ ಫೋನುಗಳಲ್ಲಿ ಈ ಹಾವು ಹಸಿರಾಗಿದೆ, ನಾಲಗೆ ಹೊರಚಾಚಿದೆ, ಆದರೆ ಅದಕ್ಕೆ ಹೆಡೆ ಇಲ್ಲ. ಹೆಡೆಯೆತ್ತಿದ ನಾಗರಕ್ಕೆಂದೇ ಪ್ರತ್ಯೇಕ ಎಮೋಜಿ ಇಲ್ಲದ ಕಾರಣ ನಮ್ಮವರು ನಾಗಪೂಜೆಗೂ ಇದನ್ನೇ ಬಳಸಬೇಕಾಗಿದೆ.

ಹೊಸೂರುರಸ್ತೆ_ಪ್ರಯಾಣಿಕ:
ಖಜಾಂಚಿಯವರ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಇಂಗ್ಲಿಷ್ ಸಾಮಾಜಿಕ ಜಾಲತಾಣಗಳಲ್ಲಿ ಈ ಚಿತ್ರಕ್ಕೆ ಇಂದು ಗಟ್ಟಿಯಾಗಿ ಅಂಟಿರುವ ಅರ್ಥ ‘ನಂಬಿಸಿ ಮೋಸ ಮಾಡಿದವರು’ ಎಂಬುದೇ. 2016ರ ಜುಲೈಯಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಮತ್ತು ಕಿಮ್ ಕಾರ್ಡಾಶಿಯನ್ ನಡುವೆ ಬಹಿರಂಗ ಜಗಳವಾದಾಗ, ಸ್ವಿಫ್ಟ್ ಅವರ ಇನ್‌ಸ್ಟಾಗ್ರಾಂ ಖಾತೆಯ ಅಡಿಯಲ್ಲಿ ಜನ ಸಾಲು ಸಾಲಾಗಿ ಹಾವಿನ ಎಮೋಜಿಗಳನ್ನೇ ಸುರಿದರು. ಮರುವರ್ಷ ಅದೇ ಗಾಯಕಿ ಹಾವನ್ನು ತನ್ನದೇ ಲಾಂಛನದಂತೆ ಎತ್ತಿಕೊಂಡು ಹೊಸ ಗೀತಗುಚ್ಛದ ಪ್ರಚಾರಕ್ಕೆ ಬಳಸಿದ್ದರಿಂದ, ಆಕೆಯ ಅಭಿಮಾನಿಗಳ ನಡುವೆ ಅದು ನಿಂದನೆಯ ಗುರುತಾಗಿ ಉಳಿಯದೆ ಸೆಟೆದು ನಿಲ್ಲುವ ಗುರುತಾಯಿತು. ಹೀಗೆ ಒಂದು ವರ್ಷದ ಅಂತರದಲ್ಲಿ ಒಂದೇ ಚಿತ್ರ ಬೈಗುಳವೂ ಆಗಿ, ಬೆಂಬಲವೂ ಆಗಿ ಬಳಕೆಯಾಯಿತು.

ನಮ್ಮ ಕಚೇರಿಗಳ ಖಾಸಗಿ ಗುಂಪುಗಳಲ್ಲಿ ಮೊದಲ ಅರ್ಥವೇ ಓಡಾಡುತ್ತದೆ. ಬೇರೆಯವರ ಕೆಲಸದ ಶ್ರೇಯಸ್ಸನ್ನು ತಾನು ಪಡೆದವನ ಹೆಸರು ಬರೆಯದೆ ಈ ಚಿತ್ರವೊಂದನ್ನು ಹಾಕಿದರೆ ಉಳಿದವರಿಗೆ ವಿಷಯ ತಿಳಿಯುತ್ತದೆ. ಯುವಕರ ಖಾಸಗಿ ಸಂಭಾಷಣೆಗಳಲ್ಲಿ ಇದಕ್ಕೆ ಅಶ್ಲೀಲವಾದ ಧ್ವನಿಯೂ ಇದೆಯೆಂಬುದನ್ನು ಇಷ್ಟಕ್ಕೇ ಹೇಳಿ ಬಿಡುತ್ತೇನೆ.

ನಿವೃತ್ತ_ಶಿಕ್ಷಕಿ_ಬಸವನಗುಡಿ:
ಮೋಸಗಾರ ಎಂಬ ಅರ್ಥ ನನ್ನ ವಯಸ್ಸಿನವರಿಗೆ ಥಟ್ಟನೆ ಹೊಳೆಯುವುದಿಲ್ಲ. ನಾವು ಕೇಳಿ ಬೆಳೆದ ಮಾತುಗಳಲ್ಲಿ ವಂಚಕನನ್ನು ನರಿಯೆನ್ನುತ್ತಿದ್ದರು, ಗೋಮುಖ ವ್ಯಾಘ್ರ ಎನ್ನುತ್ತಿದ್ದರು. ಹಾವೆಂದರೆ ಹಗೆ ಮರೆಯದ ಪ್ರಾಣಿ ಎಂಬ ನಂಬಿಕೆಯಿತ್ತು, ಜೊತೆಗೆ ಅದು ಸಂತಾನವನ್ನು ಕಾಯುವ ದೈವವೂ ಆಗಿತ್ತು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅರಳಿಕಟ್ಟೆಯ ಕೆಳಗೆ ನಾಗರಕಲ್ಲುಗಳು ಇಂದಿಗೂ ಇವೆ. ಶ್ರಾವಣ ಶುದ್ಧ ಪಂಚಮಿಯಂದು ಅಲ್ಲಿ ಹಾಲೆರೆಯುವವರ ಸಾಲು ಇರುತ್ತದೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯಕ್ಕೋ ಕುಕ್ಕೆಗೋ ಹೊರಟವರು ‘ಹೊರಟೆವು’ ಎಂದು ಬರೆದು ಈ ಚಿತ್ರವನ್ನೂ ಕೈಮುಗಿದ ಚಿತ್ರವನ್ನೂ ಹಾಕುವುದು ನಮ್ಮ ಕುಟುಂಬದ ಗುಂಪಿನಲ್ಲಿ ವಾಡಿಕೆಯಾಗಿಬಿಟ್ಟಿದೆ. 2019ರಲ್ಲಿ ದೇವಾಲಯದ ಮತ್ತು ಹಣತೆಯ ಎಮೋಜಿಗಳು ಸೇರಿದ ಮೇಲಂತೂ ಹಬ್ಬದ ಸಾಲುಗಳು ಇನ್ನಷ್ಟು ಉದ್ದವಾಗಿವೆ.

ಆದರೆ ಪಂಚಮಿಯ ದಿನ ಹಾವಿನ ಪಕ್ಕದಲ್ಲಿ ಹಾಲಿನ ಲೋಟದ ಚಿತ್ರವನ್ನಿಟ್ಟರೆ ಅದು ಭಕ್ತಿ. ಅದೇ ಜೋಡಿಯನ್ನು, ಸಾಕಿದ ಮನೆಗೇ ಎರಡು ಬಗೆದವನ ಸುದ್ದಿ ಬಂದಾಗ ನನ್ನ ತಂಗಿಯ ಮಗ ಹಾಕಿದ. ಹಾವಿಗೆ ಹಾಲೆರೆದಂತಾಯಿತು ಎಂಬ ಗಾದೆಯನ್ನು ಅವನು ಎರಡು ಚಿತ್ರಗಳಲ್ಲಿ ಬರೆದಿದ್ದ. ನಮ್ಮ ಅತ್ತಿಗೆಯವರು ಅದನ್ನು ಹಬ್ಬದ ಹಾರೈಕೆಯೆಂದು ತಿಳಿದು ‘ನಿಮಗೂ ಶುಭವಾಗಲಿ’ ಎಂದು ಉತ್ತರಿಸಿದರು. ಅದು ಶ್ರಾವಣವೂ ಆಗಿರಲಿಲ್ಲ!

ಇನ್ನೊಂದು ಮಾತು. ರಾತ್ರಿ ಹೊತ್ತು ಹಾವಿನ ಹೆಸರೆತ್ತಬಾರದೆಂದು ‘ಹುಳ’ ಎನ್ನುವ ರೂಢಿ ಹಳ್ಳಿಗಳಲ್ಲೂ ಹಳಬರಲ್ಲೂ ಇದೆ. ನಮ್ಮ ಪರಿಚಯದ ಹಿರಿಯರೊಬ್ಬರು ಈ ನಿಯಮವನ್ನು ಫೋನಿನಲ್ಲೂ ಪಾಲಿಸುತ್ತಾರೆ. ತೋಟದ ಮನೆಯಲ್ಲಿ ಹಾವು ಕಂಡ ಸುದ್ದಿಯನ್ನು ರಾತ್ರಿ ತಿಳಿಸುವಾಗ ಹುಳದ ಎಮೋಜಿಯನ್ನೇ ಹಾಕುತ್ತಾರೆ. ಅಕ್ಕಿಗೆ ಹುಳ ಬಿದ್ದಿದೆಯೆಂದು ಮಗಳು ಓದಿಕೊಂಡಳಂತೆ.

ಉರಗ_ಸ್ವಯಂಸೇವಕ:
ನಾನು ವಸತಿ ಪ್ರದೇಶಗಳಲ್ಲಿ ಕಂಡ ಹಾವುಗಳನ್ನು ಹಿಡಿದು ಸುರಕ್ಷಿತ ಸ್ಥಳಕ್ಕೆ ಬಿಡುವ ತಂಡದೊಂದಿಗೆ ಕೆಲಸ ಮಾಡುತ್ತೇನೆ. ಮೇಲಿನ ಅರ್ಥಗಳೆಲ್ಲ ರಸವತ್ತಾಗಿವೆ, ಆದರೆ ನಮಗೆ ಬರುವ ಕರೆಗಳ ಹಿನ್ನೆಲೆಯಲ್ಲಿ ನೋಡಿದರೆ, ಎಚ್ಚರಿಕೆಯ ಸಂದೇಶವಾಗಿ ಬಂದ ಒಂಟಿ ಹಾವಿನ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಹಾವು ಎಲ್ಲಿದೆ, ಈಗಲೂ ಕಣ್ಣಿಗೆ ಕಾಣುತ್ತಿದೆಯೇ, ಎಷ್ಟು ಉದ್ದವಿದೆ, ಯಾರನ್ನಾದರೂ ಕಚ್ಚಿದೆಯೇ ಎಂಬ ನಾಲ್ಕು ವಿಷಯಗಳಲ್ಲಿ ಒಂದನ್ನೂ ಆ ಚಿತ್ರ ಹೇಳುವುದಿಲ್ಲ. ಅದು ಹಸಿರಾಗಿರುವುದರಿಂದ ಇನ್ನೊಂದು ತೊಂದರೆಯಿದೆ: ಸಂದೇಶ ಓದಿ ಕೆಳಗೆ ಬಂದವರು ಹಸಿರು ಹಾವನ್ನು ಹುಡುಕುತ್ತ, ಒಣಗಿದ ತೆಂಗಿನ ಗರಿಯ ನಡುವೆ ಅದೇ ಬಣ್ಣದಲ್ಲಿ ಸುತ್ತಿಕೊಂಡು ಮಲಗಿರುವ ಕೊಳಕುಮಂಡಲವನ್ನು ದಾಟಿಹೋಗುವ ಸಾಧ್ಯತೆಯಿದೆ. ಬೆಂಗಳೂರಿನ ಗಿಡಬಳ್ಳಿಗಳಲ್ಲಿ ಹಸಿರುಹಾವು ಇಲ್ಲವೆಂದಲ್ಲ. ಆದರೆ ಬೇಸ್‌ಮೆಂಟು, ಪಂಪ್‌ಹೌಸ್, ಕಟ್ಟಡದ ಅವಶೇಷಗಳ ರಾಶಿ ಮುಂತಾದ ಕಡೆ ನಾವು ಹೆಚ್ಚಾಗಿ ನೋಡುವುದು ಕೇರೆಹಾವು, ನೀರುಹಾವು, ನಾಗರ ಮತ್ತು ಕೊಳಕುಮಂಡಲಗಳನ್ನು. ಮೊದಲೆರಡು ವಿಷಕಾರಿಯಲ್ಲ. ಕೇರೆಯನ್ನು ನಾಗರವೆಂದು ಹೆದರಿ ಹೊಡೆದು ಕೊಲ್ಲುವುದೂ, ಕೊಳಕುಮಂಡಲದ ಮರಿಯನ್ನು ಹೆಬ್ಬಾವಿನ ಮರಿಯೆಂದು ಕೈಯಲ್ಲಿ ಎತ್ತಿಕೊಳ್ಳುವುದೂ ಎರಡೂ ನಡೆಯುತ್ತವೆ. ಎರಡನೆಯ ತಪ್ಪು ಪ್ರಾಣಕ್ಕೇ ಎರವಾಗಬಹುದು.

ಹಾಗಾಗಿ ಚಿತ್ರ ಹಾಕಬೇಡಿ ಎನ್ನುವುದಿಲ್ಲ. ಗುಂಪಿನ ಹತ್ತಾರು ಸಂದೇಶಗಳ ನಡುವೆ ಅದು ಕಣ್ಣಿಗೆ ಬೀಳುತ್ತದೆ ಎಂಬುದು ನಿಜ. ಆದರೆ ಅದರ ಪಕ್ಕದಲ್ಲೇ ಜಾಗವನ್ನು ಬರೆಯಿರಿ. ಬರೆಯಲು ಕೈ ಬಿಡುವಿಲ್ಲದಿದ್ದರೆ ಧ್ವನಿ ಸಂದೇಶ ಕಳುಹಿಸಿ. ದೂರದಲ್ಲಿ ನಿಂತೇ, ಫೋನಿನ ಜೂಮ್ ಬಳಸಿ ಒಂದು ಫೋಟೊ ತೆಗೆಯಲು ಸಾಧ್ಯವಾದರೆ ನಮಗೆ ಬಹಳ ಅನುಕೂಲ, ಆದರೆ ಫೋಟೊಗಾಗಿ ಹತ್ತಿರ ಹೋಗಬಾರದು. ಕಚ್ಚಿದ್ದರೆ ಗುಂಪಿಗೆ ಬರೆಯುವುದನ್ನು ಬಿಟ್ಟು 108ಕ್ಕೆ ಕರೆ ಮಾಡಿ, ಕಚ್ಚಿಸಿಕೊಂಡವರನ್ನು ಅಲ್ಲಾಡಿಸದೆ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಬೇಡ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಖಾಸಗಿ ಆಸ್ಪತ್ರೆಗಳೂ ಇದಕ್ಕೆ ಹೊರತಲ್ಲ. ಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನೂ ಈ ಸಂದರ್ಭದಲ್ಲಿ ನೆನಪಿಸುತ್ತೇನೆ.

ಇನ್ನು, ನಗುವ ಮುಖ ಒತ್ತಿದ ಹುಡುಗನ ವಿಷಯ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಕ್ಕೆ ಚಿತ್ರದ ಮೂಲಕ ಪ್ರತಿಕ್ರಿಯಿಸುವ ಸೌಲಭ್ಯ 2022ರಲ್ಲಿ ಬಂತು. ಮೊದಲು ಆರು ಚಿತ್ರಗಳಿದ್ದವು, ಅದೇ ವರ್ಷ ಯಾವ ಎಮೋಜಿಯನ್ನಾದರೂ ಒತ್ತಬಹುದೆಂದಾಯಿತು. ಎಚ್ಚರಿಕೆಯ ಸಂದೇಶಕ್ಕೆ ಮೊದಲು ಬಿದ್ದ ಪ್ರತಿಕ್ರಿಯೆ ನಗುವಾದರೆ, ಅನಂತರ ನೋಡಿದವರೆಲ್ಲ ಅದನ್ನು ತಮಾಷೆಯೆಂದೇ ತಿಳಿಯುತ್ತಾರೆ. ನಿಮ್ಮ ಗುಂಪಿನಲ್ಲಿ ನಡೆದದ್ದು ಅದೇ ಇರಬೇಕೆಂದು ನನಗೆ ತೋರುತ್ತದೆ.

ಮಾರತ್ತಹಳ್ಳಿ_ಕೋಡರ್:
ಬೆಂಗಳೂರಿನ ಮಟ್ಟಿಗೆ ಒಂದು ದೊಡ್ಡ ಅರ್ಥವನ್ನು ಯಾರೂ ಇನ್ನೂ ಹೇಳಿಲ್ಲ. ತಂತ್ರಾಂಶ ಕಂಪನಿಗಳ ಗುಂಪುಗಳಲ್ಲಿ ಈ ಚಿತ್ರವೆಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ. ಗೀಡೊ ವಾನ್ ರೋಸಮ್ ಅವರು 1991ರಲ್ಲಿ ಹೊರತಂದ ಈ ಭಾಷೆಗೆ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ಬ್ರಿಟನ್ನಿನ ಹಾಸ್ಯ ತಂಡವೊಂದರ ಹೆಸರಿನಿಂದ. ಆದರೆ ಅದರ ಲಾಂಛನದಲ್ಲಿ ನೀಲಿ, ಹಳದಿ ಬಣ್ಣದ ಎರಡು ಹಾವುಗಳು ಬಂದು ಕುಳಿತಿದ್ದರಿಂದ ಎಮೋಜಿಯೂ ಹಿಂದೆಯೇ ಬಂತು. ನಮ್ಮ ತಂಡದಲ್ಲಿ ಕೆಲಸದ ಸಾಲಿನ ಮುಂದೆ ಹಾವು ಇದ್ದರೆ ಅದು ಪೈಥಾನ್ ಬಲ್ಲವರ ಪಾಲಿಗೆ ಬಂದ ಕೆಲಸವೆಂದು ಅರ್ಥ, ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ನಾನು ತರಬೇತಿ ಮುಗಿಸಿದ ದಿನ ಸ್ಟೇಟಸ್‌ನಲ್ಲಿ ಹಾವಿನ ಚಿತ್ರವನ್ನೂ ಪದವಿಯ ಟೋಪಿಯನ್ನೂ ಹಾಕಿದ್ದೆ. ಊರಿನಿಂದ ದೊಡ್ಡಪ್ಪ ಫೋನ್ ಮಾಡಿ, ಜಾತಕದಲ್ಲಿ ಸರ್ಪದೋಷ ಕಂಡಿದೆಯೇ, ಪರಿಹಾರಕ್ಕೆ ಎಲ್ಲಿಗೆ ಹೋಗುತ್ತಿದ್ದೀಯ ಎಂದು ಕೇಳಿದರು. ಅವರನ್ನು ತಪ್ಪೆನ್ನಲಾಗದು, ಅವರ ಫೋನಿಗೆ ಈ ಚಿತ್ರ ಹೆಚ್ಚಾಗಿ ಬರುವುದು ಜ್ಯೋತಿಷಿಗಳ ಜಾಹೀರಾತಿನ ಜೊತೆಯಲ್ಲೇ.

ರಫ್ತು_ವಿಭಾಗ_ಪೀಣ್ಯ:
ಇದೇ ಸಾಲಿಗೆ ಒಂದು ಸಣ್ಣ ಸೇರ್ಪಡೆ. 2025ರ ಜನವರಿ 29ರಂದು ತೈವಾನಿನ ನಮ್ಮ ಸರಬರಾಜುದಾರರಿಂದ ಹಾವಿನ ಚಿತ್ರಗಳಿದ್ದ ಸಂದೇಶ ಬಂದಾಗ ಕಚೇರಿಯಲ್ಲಿ ಒಂದಿಬ್ಬರು ಹುಬ್ಬೇರಿಸಿದರು. ಅಂದು ಚಾಂದ್ರಮಾನ ಹೊಸ ವರ್ಷ, ಅವರ ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಹಾವಿನ ವರ್ಷ ಆರಂಭವಾದ ದಿನ. ಜಪಾನಿನಲ್ಲಿ ಬಿಳಿ ಹಾವನ್ನು ಬೆಂಜೈಟೆನ್ ದೇವತೆಯ ದೂತನೆಂದು ಶುಭವಾಗಿ ಕಾಣುತ್ತಾರೆ, ಆ ದೇವತೆಯ ಮೂಲ ನಮ್ಮ ಸರಸ್ವತಿ. ಚಿತ್ರ ಹುಟ್ಟಿದ ನೆಲದಲ್ಲಿ ಅದು ಬೈಗುಳವಾಗಿ ಹುಟ್ಟಲಿಲ್ಲ ಎಂಬುದನ್ನು ನಿಮ್ಮ ಖಜಾಂಚಿಯವರಿಗೆ ತಿಳಿಸಬಹುದು.

ಕೇಳಿ_ಓದುವವ:
ನನಗೆ ದೃಷ್ಟಿಯಿಲ್ಲ, ಫೋನನ್ನು ಪರದೆ ಓದುವ ತಂತ್ರಾಂಶದ ಮೂಲಕ ಬಳಸುತ್ತೇನೆ. ಯೂನಿಕೋಡ್ ದತ್ತಾಂಶದಲ್ಲಿ ಎಮೋಜಿಗಳಿಗೆ ಕನ್ನಡದ ಹೆಸರುಗಳೂ ಇರುವುದರಿಂದ, ಚಿತ್ರ ಬಂದಾಗ ನನಗೆ ಅದರ ಹೆಸರು ಮಾತ್ರ ಕೇಳುತ್ತದೆ. ಅದು ಹಸಿರೋ, ನಗುತ್ತಿದೆಯೋ, ಹೆಡೆಯಿದೆಯೋ ಎಂಬ ಚರ್ಚೆಯೆಲ್ಲ ನನ್ನ ಪಾಲಿಗೆ ಇಲ್ಲ. ಆದ್ದರಿಂದ ನನ್ನ ಕಿವಿಗೆ ಬೀಳುವ ಒಂಟಿ ಹಾವು ಎಂದಿಗೂ ನಿಜವಾದ ಹಾವೇ. ಕತ್ತಲಾದ ಮೇಲೆ ಮೆಟ್ಟಿಲಿಳಿಯುವ ಮುನ್ನ ಗುಂಪಿನಲ್ಲಿ ಆ ಹೆಸರು ಕೇಳಿದರೆ ನಾನು ಮನೆಯಿಂದ ಹೊರಡುವುದಿಲ್ಲ. ಯಾರೋ ಯಾರನ್ನೋ ಚುಚ್ಚಲು ಹಾಕಿದ ಚಿತ್ರಕ್ಕಾಗಿ ನಾನು ಸಂಜೆಯ ವಾಯುವಿಹಾರವನ್ನು ಬಿಟ್ಟದ್ದಿದೆ.

ಮತ್ತೊಂದು ಕೋರಿಕೆ. ಒತ್ತು ಕೊಡಲೆಂದು ಹಾವುಗಳನ್ನು ಸಾಲಾಗಿ ಒತ್ತುವವರಿದ್ದಾರೆ. ಅಷ್ಟೂ ಹೆಸರುಗಳನ್ನು ತಂತ್ರಾಂಶ ಓದಿ ಮುಗಿಸಿದ ಮೇಲೆಯೇ ಸಂದೇಶದ ಮಾತು ನನಗೆ ಸಿಗುವುದು. ಎಚ್ಚರಿಕೆಯ ಸಂದೇಶದಲ್ಲಿ ಮಾತು ಮೊದಲಿರಲಿ, ಚಿತ್ರ ಕೊನೆಗಿರಲಿ, ಒಂದೇ ಇರಲಿ.

ಸಂಘದ_ಮಾಜಿ_ಕಾರ್ಯದರ್ಶಿ:
ನಿಷೇಧದ ಮಾತಿಗೆ ನನ್ನ ವಿರೋಧವಿದೆ. ಪಂಚಮಿಯ ಶುಭಾಶಯಕ್ಕೂ ದಂಡ ಹಾಕುವ ಸಂಘವನ್ನು ಯಾರೂ ಗೌರವಿಸುವುದಿಲ್ಲ. ಇನ್ನೊಂದು ಕಡೆ, ಚುಚ್ಚಬೇಕೆಂದಿರುವವರಿಗೆ ಹಾವು ಸಿಗದಿದ್ದರೆ ಊಸರವಳ್ಳಿಯ ನೆಪದಲ್ಲಿ ಹಲ್ಲಿಯ ಚಿತ್ರ ಸಿಗುತ್ತದೆ. ನಮ್ಮ ಸಮುಚ್ಚಯದಲ್ಲಿ ಮಾಡಿದ ವ್ಯವಸ್ಥೆ ಬೇರೆ: ತುರ್ತು ಸೂಚನೆಗಳಿಗೆಂದೇ ಒಂದು ಪ್ರತ್ಯೇಕ ಗುಂಪು. ಅಲ್ಲಿ ಲಿಫ್ಟ್ ಕೆಟ್ಟಿರುವುದು, ಅನಿಲ ಸೋರಿಕೆ, ಹಾವು, ಬೆಂಕಿ ಇವುಗಳನ್ನು ಬಿಟ್ಟು ಬೇರೆ ಮಾತಿಲ್ಲ, ಶುಭಾಶಯವೂ ಇಲ್ಲ. ಶುಲ್ಕದ ಜಗಳ ನಡೆಯುವ ಗುಂಪಿನಲ್ಲೇ ಎಚ್ಚರಿಕೆಯೂ ಬರಬೇಕೆಂದರೆ, ಯಾವ ಚಿತ್ರವನ್ನೂ ಜನ ಜಗಳದ ಕಣ್ಣಿನಿಂದಲೇ ಓದುತ್ತಾರೆ. ಖಜಾಂಚಿಯವರು ಹಾವಿನ ಬದಲು ಆಮೆಯ ಚಿತ್ರ ಬಂದಿದ್ದರೂ ಅಂದು ಸಿಟ್ಟಾಗುತ್ತಿದ್ದರೇನೋ. ಲೆಕ್ಕ ಒಪ್ಪಿಸುವುದು ನಿಧಾನವಾಯಿತೆಂಬ ಕುಹಕವೆಂದು ತಿಳಿಯುತ್ತಿದ್ದರು.

ಇನ್ನೊಂದು ವಿಷಯ, ಅಳಿಸುವುದರ ಬಗ್ಗೆ. ಹಾಕಿದ ಚಿತ್ರ ತಪ್ಪು ಅರ್ಥಕ್ಕೆ ಎಡೆಮಾಡಿತೆಂದು ತಿಳಿದ ಕೂಡಲೇ ಹಲವರು ಅದನ್ನು ಅಳಿಸಿಬಿಡುತ್ತಾರೆ. ಆದರೆ ಅಳಿಸಿದ ಗುರುತು ಗುಂಪಿನಲ್ಲಿ ಉಳಿಯುತ್ತದೆ. ನೋಡಿದವರು ಏನೋ ಮುಚ್ಚಿಟ್ಟರೆಂದೂ, ನೋಡದವರು ಏನಿತ್ತೆಂದೂ ಕೇಳತೊಡಗುತ್ತಾರೆ. ಕಳುಹಿಸಿದ ಹದಿನೈದು ನಿಮಿಷದೊಳಗೆ ಸಂದೇಶವನ್ನು ತಿದ್ದುವ ಸೌಲಭ್ಯ 2023ರಿಂದ ಇದೆ. ಚಿತ್ರವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ‘ಎರಡನೇ ಬೇಸ್‌ಮೆಂಟ್, ಕಂಬ 14ರ ಬಳಿ’ ಎಂದು ಸೇರಿಸಿದರೆ ಹಾಕಿದವರ ಉದ್ದೇಶವೂ ಸ್ಪಷ್ಟವಾಗುತ್ತದೆ, ಕೆಲಸವೂ ಆಗುತ್ತದೆ. ತಿದ್ದಿದ ಸಂದೇಶಕ್ಕೆ ಎಲ್ಲರಿಗೂ ಹೊಸ ಸದ್ದು ಹೋಗುವುದಿಲ್ಲವಾದ್ದರಿಂದ, ತುರ್ತಿದ್ದಾಗ ಹೊಸ ಸಂದೇಶವನ್ನೇ ಹಾಕುವುದು ಮೇಲು.

ಹೊಸೂರುರಸ್ತೆ_ಪ್ರಯಾಣಿಕ:
ಪ್ರತ್ಯೇಕ ಗುಂಪಿನ ಸಲಹೆ ಕೇಳಲು ಚೆನ್ನಾಗಿದೆ, ಆದರೆ ಈಗಾಗಲೇ ಹಾಲಿಗೊಂದು, ಕಾರ್ ಪಾರ್ಕಿಂಗಿಗೊಂದು, ಗಣೇಶೋತ್ಸವಕ್ಕೊಂದು ಗುಂಪಿರುವಾಗ ಇನ್ನೊಂದನ್ನು ಯಾರು ನೋಡುತ್ತಾರೆ? ಬಹುಮಂದಿ ಅದನ್ನೂ ಸದ್ದಿಲ್ಲದಂತೆ ಮಾಡಿಟ್ಟುಬಿಡುತ್ತಾರೆ.

ಸಂಘದ_ಮಾಜಿ_ಕಾರ್ಯದರ್ಶಿ:
ತಮ್ಮ ಆಕ್ಷೇಪ ಸರಿ. ಅದಕ್ಕಾಗಿಯೇ ಆ ಗುಂಪಿನಲ್ಲಿ ವಾರಗಟ್ಟಲೆ ಏನೂ ಬಾರದಂತೆ ಕಾಯಬೇಕು. ಅಪರೂಪಕ್ಕೆ ಸದ್ದು ಮಾಡುವ ಗುಂಪನ್ನು ಜನ ಸುಮ್ಮನಿರಿಸುವುದಿಲ್ಲ. ಶುಭಾಶಯ ಹಾಕಿದವರಿಗೆ ಖಾಸಗಿಯಾಗಿ, ನಯವಾಗಿ ತಿಳಿಹೇಳಲು ಒಬ್ಬರು ಬೇಕಾಗುತ್ತದೆ. ನಮ್ಮಲ್ಲಿ ಆ ಕೆಲಸ ನನ್ನ ಶ್ರೀಮತಿಯವರದು, ನನ್ನ ಮಾತಿನಲ್ಲಿ ಅಷ್ಟು ನಯವಿಲ್ಲ.

ಜಕ್ಕೂರು_ಕೆರೆಬದಿ:
ಎಲ್ಲರಿಗೂ ಧನ್ಯವಾದಗಳು. ಖಜಾಂಚಿಯವರ ಜೊತೆ ಮಾತನಾಡಿದೆ. ಬೇಸ್‌ಮೆಂಟಿನ ಫೋಟೊ ತೋರಿಸಿದ ಮೇಲೆ ಮರಳಿ ಸೇರಿದ್ದಾರೆ, ಲೆಕ್ಕಪತ್ರದ ಮಾತು ಇನ್ನೂ ಮುಗಿದಿಲ್ಲ. ಸಭೆಯ ಮುಂದಿಡಲು ಈ ಸೂಚನೆಯನ್ನು ಬರೆದಿದ್ದೇನೆ, ತಿದ್ದುಪಡಿಯಿದ್ದರೆ ತಿಳಿಸಿ:

‘ಹಾವು ಕಂಡವರು ಮೊದಲು ಜಾಗವನ್ನು ಬರೆಯಬೇಕು ಅಥವಾ ಧ್ವನಿ ಸಂದೇಶದಲ್ಲಿ ಹೇಳಬೇಕು, ಅನಂತರ ಬೇಕಿದ್ದರೆ ಒಂದೇ ಒಂದು ಹಾವಿನ ಚಿತ್ರ ಹಾಕಬಹುದು. ತುರ್ತು ಗುಂಪಿನಲ್ಲಿ ಈ ಚಿತ್ರವನ್ನು ಬೇರೆ ಯಾವ ಉದ್ದೇಶಕ್ಕೂ ಬಳಸಬಾರದು. ಸಾಮಾನ್ಯ ಗುಂಪಿನಲ್ಲಿ ಹಬ್ಬದ ಶುಭಾಶಯಕ್ಕೆ ಬಳಸುವವರು ಹಬ್ಬದ ಹೆಸರನ್ನೂ ಬರೆಯಬೇಕು. ಯಾವುದೇ ನಿವಾಸಿಯ ಮಾತಿಗೆ ಉತ್ತರವಾಗಿ ಒಂಟಿ ಪ್ರಾಣಿಯ ಚಿತ್ರವನ್ನು ಹಾಕಬಾರದು. ಎಚ್ಚರಿಕೆಯ ಸಂದೇಶಕ್ಕೆ ನಗುವ ಮುಖವನ್ನು ಒತ್ತಬಾರದು.’

ನಿವೃತ್ತ_ಶಿಕ್ಷಕಿ_ಬಸವನಗುಡಿ:
ಕರಡು ಚೆನ್ನಾಗಿದೆ. ‘ಒಂಟಿ ಪ್ರಾಣಿಯ ಚಿತ್ರ’ ಎಂದರೆ ಮಕ್ಕಳ ನಾಯಿ, ಬೆಕ್ಕುಗಳೂ ಸೇರಿಬಿಡುತ್ತವೆ. ‘ನೋಯಿಸುವಂಥ’ ಎಂದು ಸೇರಿಸಿದರೆ ಸಾಕು.

ಉರಗ_ಸ್ವಯಂಸೇವಕ:
ನನ್ನದೂ ಒಂದು ತಿದ್ದುಪಡಿ. ನಿಮ್ಮ ಸೂಚನೆಯಲ್ಲಿ ಕಾವಲು ಸಿಬ್ಬಂದಿಯ ಹೆಸರೇ ಇಲ್ಲ. ಹೆಚ್ಚಿನ ಸಮುಚ್ಚಯಗಳಲ್ಲಿ ಅವರು ನಿವಾಸಿಗಳ ಗುಂಪಿನಲ್ಲಿ ಇರುವುದಿಲ್ಲ, ಆದರೆ ರಾತ್ರಿ ಟಾರ್ಚ್ ಹಿಡಿದು ಬೇಸ್‌ಮೆಂಟ್ ಸುತ್ತುವವರು ಅವರೇ. ಹಾವು ಕಂಡವರು ಗುಂಪಿಗೆ ಬರೆಯುವ ಮೊದಲು ಗೇಟಿಗೆ ಕರೆ ಮಾಡಬೇಕೆಂಬ ಮಾತನ್ನು ಮೊದಲ ಸಾಲಿನಲ್ಲೇ ಸೇರಿಸಿ, ಗೇಟಿನ ದೂರವಾಣಿ ಸಂಖ್ಯೆಯನ್ನು ಲಿಫ್ಟಿನೊಳಗೆ ಅಂಟಿಸಿ. ಅವರಿಗೆ ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟುಗಳನ್ನು ಕೊಡಿಸುವ ವಿಷಯವನ್ನೂ ಅದೇ ಸಭೆಯಲ್ಲಿ ಎತ್ತಿ. ಲೆಕ್ಕಪತ್ರ ಹೇಗೂ ತೆರೆದಿದೆಯಲ್ಲ.